ದೂರದರ್ಶನ ಮುದ್ರಿಕೆಗಳ ಸಂಕೋಚನ: ಆಕರವಿಮರ್ಶೆಯ ದೃಷ್ಟಿಯಿಂದ ಒಂದು ಪರಿಶೀಲನೆ

ಆಕರವೆಂದರೆ ಶಾಸನ, ನಾಣ್ಯ, ಬಖೈರು, ದಫ್ತರದ ಕಾಗದ ಎಂಬ ಭಾವನೆ ನಮ್ಮ ಚರಿತ್ರೆಯ ವಿದ್ಯಾರ್ಥಿಗಳಲ್ಲಿ ಇಂದಿಗೂ ಬಲವಾಗಿದೆ. ಆದರೆ ಈಚಿನ ಎರಡು ದಶಕಗಳ ಜನಜೀವನವನ್ನು ಕುರಿತು ಬರೆಯತಕ್ಕವನು ಗೃಹಸ್ಥರ ಮನೆಗಳಲ್ಲಿ ಉಳಿದಿರುವ ದೂರದರ್ಶನದ ಮುದ್ರಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಲಾರ. ಇಂಥ ಮುದ್ರಿಕೆಗಳನ್ನು ಕಿರಿದು ಮಾಡಿ, ಮೂಲವನ್ನು ಅಳಿಸಿಬಿಡುವ ಪದ್ಧತಿ ಈಗ ಎಲ್ಲೆಡೆಯೂ ರೂಢಿಯಾಗಿದೆ. ಚಿತ್ರ ಕಾಣುವಂತಿದ್ದರೆ ಸಾಕು, ಗಾತ್ರ ಕಡಮೆಯಾದಷ್ಟೂ ಲಾಭ ಎಂಬುದು ಈ ಪದ್ಧತಿಯ ಹಿಂದಿರುವ ವಾದ. ಆ ವಾದವು ನೋಡುಗನಿಗೆ ಒಪ್ಪತಕ್ಕದ್ದಾದರೂ ಚರಿತ್ರಕಾರನಿಗೆ ಒಪ್ಪತಕ್ಕದ್ದಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಉದಾಹರಣೆಗೆ ಕಂಪಲಾಪುರದ ಸುತ್ತಿನ ಸೀಮೆಯನ್ನು ತೆಗೆದುಕೊಳ್ಳಬಹುದು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನು ದಾಟಿ ಪಿರಿಯಾಪಟ್ಟಣವನ್ನು ಸೇರುವುದಕ್ಕೆ ಮುಂಚೆ ಸಿಕ್ಕುವ ಈ ಊರು ಹೊಗೆಸೊಪ್ಪಿನ ಹರಾಜು ಕಟ್ಟೆಯಿಂದ ಹೆಸರಾದುದು. ಮೈಸೂರಿನ ಜಂಬೂಸವಾರಿ ಇಲ್ಲಿಯವರಿಗೆ ದೂರದ ಅರಮನೆಯ ವೈಭವ ಮಾತ್ರವಲ್ಲ. ದಸರೆಯ ಆನೆಗಳ ಪಯಣ ಆರಂಭವಾಗುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ; 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಎಂಟು ವರ್ಷ ಹೊತ್ತ ಅರ್ಜುನನು ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಆನೆ. ಮೈಸೂರಿನ ರಸ್ತೆಯಲ್ಲಿ ನಿಂತು ನೋಡಲಾಗದವರು ಚಂದನ ವಾಹಿನಿಯಲ್ಲಿ ನೋಡುತ್ತಾರೆ. ಪ್ರಸಾರ ಭಾರತಿಯು 2004ರ ಡಿಸೆಂಬರಿನಲ್ಲಿ ತೆರೆದ, ಮಾಸಿಕ ಶುಲ್ಕವಿಲ್ಲದ ಉಪಗ್ರಹ ಸೇವೆ—ಈಗ ಅದರ ಹೆಸರು ಡಿಡಿ ಫ್ರೀ ಡಿಶ್—ಇಂಥ ಮನೆಗಳಿಗೆ ತಕ್ಕುದಾಗಿದೆ. ಅದರ ಪೆಟ್ಟಿಗೆಗಳಲ್ಲಿ ಅನೇಕವಕ್ಕೆ ಪೆನ್‌ಡ್ರೈವ್ ಚುಚ್ಚಿ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವ ಅನುಕೂಲವುಂಟು.

ಹೀಗೆ ಮುದ್ರಿತವಾದುದು ಏನೆಂಬುದನ್ನು ಮೊದಲು ತಿಳಿಯಬೇಕು. ಹಿಂದಿನ ವಿಡಿಯೋ ಕ್ಯಾಸೆಟ್ಟಿನಲ್ಲಿ ಉಳಿಯುತ್ತಿದ್ದುದು ಬಂದ ಚಿತ್ರದ ಮಸುಕಾದ ನೆರಳು. ಈಗಿನ ಪೆಟ್ಟಿಗೆ ಹಾಗಲ್ಲ. ಉಪಗ್ರಹದಿಂದ ಇಳಿದ ಅಂಕಿಗಳನ್ನೇ ಇದ್ದುದು ಇದ್ದಂತೆ ಬರೆದಿಡುತ್ತದೆ. ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂದು ಕರೆಯಲ್ಪಡುವ ಈ ಪ್ರವಾಹವು 188 ಬೈಟುಗಳ ಸಣ್ಣ ಪೊಟ್ಟಣಗಳ ಸಾಲು. ಚಿತ್ರ, ಧ್ವನಿ, ವಾಹಿನಿಯ ಹೆಸರು, ಕೋಷ್ಟಕಗಳು ಎಲ್ಲವೂ ಈ ಪೊಟ್ಟಣಗಳಲ್ಲಿ ಬೆರೆತು ಬರುತ್ತವೆ. ಚಿತ್ರವು ಆಗಲೇ ಸಂಕುಚಿತವಾಗಿರುತ್ತದೆಂಬುದನ್ನು ಮರೆಯಬಾರದು: 720ಕ್ಕೆ 576 ಬಿಂದುಗಳ ಚಿತ್ರಕ್ಕೆ ಸಂಕೋಚನವಿಲ್ಲದೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್ ಬೇಕಾಗುವಲ್ಲಿ, ಎಂಪೆಗ್-2 ಪದ್ಧತಿಯ ಪ್ರಸಾರವು ನಾಲ್ಕರ ಆಸುಪಾಸಿನಲ್ಲಿ ಕೆಲಸ ಸಾಗಿಸಬಲ್ಲುದು. ಆದರೂ ಮನೆಗೆ ತಲುಪಿದುದರಲ್ಲಿ ಇದೇ ಮೂಲ. ಇದನ್ನು ಎಚ್.264 ಮೊದಲಾದ ಪದ್ಧತಿಗಳಿಗೆ ಪರಿವರ್ತಿಸಿದಾಗ ಸಂಕುಚಿತವಾದುದನ್ನು ಬಿಚ್ಚಿ ಮತ್ತೊಮ್ಮೆ ಸಂಕುಚಿಸಿದಂತಾಗುತ್ತದೆ. ಅಂದರೆ ಪ್ರತಿಯಿಂದ ಎತ್ತಿದ ಪ್ರತಿ.

ಈ ವಿದ್ಯೆಯ ಬೇರು ನಮ್ಮ ನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದ ನಾಸಿರ್ ಅಹ್ಮದರು ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಕಟಿಸಿದ ಕೊಸೈನ್ ಪರಿವರ್ತನೆಯೇ ಇದಕ್ಕೆ ಆಧಾರ. ಚಿತ್ರವನ್ನು ಎಂಟಕ್ಕೆ ಎಂಟು ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿಯೊಂದು ಚೌಕದಲ್ಲಿಯೂ ಸ್ಥೂಲವಾದ ಬೆಳಕು ನೆರಳನ್ನೂ ಸೂಕ್ಷ್ಮವಾದ ಗೆರೆಗಳನ್ನೂ ಬೇರ್ಪಡಿಸಿದರೆ, ಕಣ್ಣು ಹೆಚ್ಚಾಗಿ ಗಮನಿಸದ ಸೂಕ್ಷ್ಮಾಂಶವನ್ನು ಬಿಟ್ಟುಬಿಡಬಹುದು. ಗಣಿತದಲ್ಲಿ ದೋಷವಿಲ್ಲ, ಬಿಟ್ಟುಬಿಡುವಿಕೆಯಲ್ಲಿ ವಿವೇಕ ಬೇಕು. ಜಂಬೂಸವಾರಿಯಲ್ಲಿ ಈ ಸೂಕ್ಷ್ಮಾಂಶವೆಂದರೆ ಏನು? ಅಂಬಾರಿಯಲ್ಲ, ಆನೆಯಲ್ಲ, ಅವು ಚಿತ್ರದ ತುಂಬ ನಿಂತಿರುತ್ತವೆ. ಸ್ತಬ್ಧಚಿತ್ರದ ಬಂಡಿಯ ಮೇಲಿನ ಸಣ್ಣ ಫಲಕದ ಅಕ್ಷರಗಳು, ಮರವನ್ನೇರಿ ಕುಳಿತ ಹುಡುಗರು, ಹಗ್ಗದ ಆಚೆ ಹಿಂದಿನ ಸಾಲಿನಲ್ಲಿ ನಿಂತ ಹೆಂಗಸರ ಮುಖಗಳು—ಇವೇ ಮೊದಲು ಮೊದ್ದೆಯಾಗಿ ಕಲಸಿಹೋಗುವುವು. ಅರಸನ ಚರಿತ್ರೆಯೊಂದನ್ನೇ ಬರೆಯುವುದಾದರೆ ಸಂಕುಚಿತ ಪ್ರತಿ ಧಾರಾಳವಾಗಿ ಸಾಕು. ಜನರ ಚರಿತ್ರೆಗೆ ಸಾಲದು.

ಇದಕ್ಕಿಂತ ಗುರುತರವಾದ ಹಾನಿ ಕಾಲನಿರ್ಣಯಕ್ಕೆ ಸಂಬಂಧಿಸಿದುದು. ಈ ಸೀಮೆಯ ಮನೆಗಳಲ್ಲಿ ನಾನು ನೋಡಿದ ಪರಿವರ್ತಿತ ಕಡತಗಳಲ್ಲಿ ಹೆಚ್ಚಿನವಕ್ಕೆ ‘ದಸರಾ’ ಎಂಬುದರ ಹೊರತು ಬೇರೆ ಹೆಸರಿಲ್ಲ. ಗಣಕಯಂತ್ರ ತೋರಿಸುವ ದಿನಾಂಕವು ಪರಿವರ್ತನೆ ನಡೆದ ದಿನದ್ದೇ ಹೊರತು ಪ್ರಸಾರದ ದಿನದ್ದಲ್ಲ. ಆಗ ನಾವು ಒಳಗಿನ ಸಾಕ್ಷ್ಯವನ್ನು ಹುಡುಕಬೇಕಾಗುತ್ತದೆ, ಲಿಪಿಯನ್ನು ನೋಡಿ ಶಾಸನದ ಶತಮಾನವನ್ನು ಹೇಳುವ ಹಾಗೆ. ಅಂಬಾರಿ ಹೊತ್ತದ್ದು ಬಲರಾಮನಾದರೆ 1999ರಿಂದ 2011ರ ಒಳಗೆ. ಅರ್ಜುನನಾದರೆ 2012ರಿಂದ 2019ರ ಒಳಗೆ. ಅಭಿಮನ್ಯುವಾದರೆ 2020 ಅಥವಾ ಅನಂತರ. ಮೆರವಣಿಗೆ ಅರಮನೆಯ ಆವರಣದಲ್ಲಿಯೇ ಮುಗಿದಿದ್ದರೆ ಸಾಂಕ್ರಾಮಿಕದ 2020 ಅಥವಾ 2021. ಪುಷ್ಪಾರ್ಚನೆ ಮಾಡಿದ ಮುಖ್ಯಮಂತ್ರಿ ಯಾರೆಂಬುದು ಇನ್ನಷ್ಟು ಇಕ್ಕಟ್ಟು ಮಾಡುತ್ತದೆ. ಆದರೆ ಅರ್ಜುನನೂ ಶ್ರೀ ಸಿದ್ದರಾಮಯ್ಯನವರೂ ಒಟ್ಟಿಗೆ ಕಂಡರೆ 2013ರಿಂದ 2017ರವರೆಗಿನ ಐದು ದಸರೆಗಳಲ್ಲಿ ಯಾವುದು? ಇಲ್ಲಿ ಆನೆಯೂ ಮಂತ್ರಿಯೂ ಕೈಬಿಡುತ್ತಾರೆ.

ಮೂಲ ಪ್ರವಾಹದಲ್ಲಿ ಇದಕ್ಕೆ ನೇರವಾದ ಉತ್ತರವಿರುವುದು ಸಾಧ್ಯ. ಪ್ರಸಾರದ ನಿಯಮದಂತೆ, ಇಪ್ಪತ್ತನೆಯ ಸಂಖ್ಯೆಯ ಗುರುತುಳ್ಳ ಪೊಟ್ಟಣಗಳಲ್ಲಿ ಮೂವತ್ತು ಸೆಕೆಂಡಿಗೆ ಒಮ್ಮೆಯಾದರೂ ದಿನವೂ ವೇಳೆಯೂ ಬರತಕ್ಕದ್ದು. ದಿನವನ್ನು ಹೇಳುವ ಕ್ರಮ ನಮ್ಮ ಪಂಚಾಂಗದ ಅಹರ್ಗಣವನ್ನು ಹೋಲುತ್ತದೆಂಬುದು ಕುತೂಹಲಕರ: ತಿಂಗಳು ವರ್ಷಗಳಿಲ್ಲ, 1858ರ ನವೆಂಬರ್ 17ರಿಂದ ಕಳೆದ ದಿನಗಳ ಎಣಿಕೆ ಮಾತ್ರ. ಅಲ್ಲಿ 58026 ಎಂದಿದ್ದರೆ 2017ರ ಸೆಪ್ಟೆಂಬರ್ 30. ಅದು ಆ ವರ್ಷದ ವಿಜಯದಶಮಿ. ವೇಳೆಯು ಗ್ರೀನ್‌ವಿಚ್ ಕಾಲಮಾನದ್ದಾದುದರಿಂದ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಎಲ್ಲ ಪೆಟ್ಟಿಗೆಗಳೂ ಈ ಪೊಟ್ಟಣವನ್ನು ಬರೆದಿಡುವುದಿಲ್ಲ. ಕೆಲವು ಚಿತ್ರ ಧ್ವನಿಗಳನ್ನಷ್ಟೆ ಆರಿಸಿಕೊಳ್ಳುತ್ತವೆ. ಬರೆದಿಟ್ಟಿದ್ದರೂ ಕಣ್ಣು ಮುಚ್ಚಿ ನಂಬತಕ್ಕದ್ದಲ್ಲ. ಅದು ಪ್ರಸಾರದ ಕಾಲವೇ ಹೊರತು ಘಟನೆಯ ಕಾಲವಲ್ಲ. ರಾತ್ರಿಯ ಮರುಪ್ರಸಾರವನ್ನು ಮುದ್ರಿಸಿಕೊಂಡಿದ್ದರೆ ವೇಳೆ ಹೊಂದುವುದಿಲ್ಲ. ಕೂಟಶಾಸನಗಳ ಪರಿಚಯವುಳ್ಳವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಆದರೆ ಪರಿವರ್ತಿಸಿದ ಎಂಪಿ4 ಕಡತದಲ್ಲಿ ನಂಬುವುದಕ್ಕಾಗಲಿ ಸಂಶಯಪಡುವುದಕ್ಕಾಗಲಿ ಆ ಉಲ್ಲೇಖವೇ ಇರುವುದಿಲ್ಲ. ಚಿತ್ರವನ್ನು ಮುಟ್ಟದೆ ಹೊರಗಿನ ಹೊದಿಕೆಯನ್ನು ಮಾತ್ರ ಬದಲಿಸುವ ಕ್ರಮವೊಂದುಂಟು. ಅದರಲ್ಲಿ ಚಿತ್ರ ಕೆಡದಿದ್ದರೂ ಕಾಲೋಲ್ಲೇಖ ಉದುರಿಹೋಗುತ್ತದೆ.

ತ್ರುಟಿತ ಭಾಗಗಳ ವಿಷಯವನ್ನೂ ಹೇಳಬೇಕು. ದಸರೆಯ ತಿಂಗಳು ಇಲ್ಲಿ ಮಳೆಗೆ ಹೊರತಾದುದಲ್ಲ. ದಟ್ಟವಾದ ಮಳೆ ಸುರಿದಾಗ ಉಪಗ್ರಹದ ಸಂಕೇತ ಕ್ಷೀಣಿಸಿ ಪೊಟ್ಟಣಗಳು ಕಳೆದುಹೋಗುತ್ತವೆ. ಪ್ರತಿಯೊಂದು ಪೊಟ್ಟಣದಲ್ಲಿಯೂ ಸೊನ್ನೆಯಿಂದ ಹದಿನೈದರವರೆಗೆ ಸುತ್ತುವ ಕ್ರಮಾಂಕವಿರುವುದರಿಂದ ಮೂಲದಲ್ಲಿ ಎಲ್ಲಿ ಲೋಪವಾಗಿದೆಯೆಂಬುದನ್ನು ಬೆರಳಿಟ್ಟು ತೋರಿಸಬಹುದು. ಪರಿವರ್ತನೆಯ ಯಂತ್ರವಾದರೋ ಹರಿದ ಕಡೆ ಹಿಂದಿನ ಚಿತ್ರದ ತುಂಡನ್ನು ತೇಪೆ ಹಾಕಿ ಮುಂದೆ ಸಾಗುತ್ತದೆ. ಹೊಸ ಕಡತದಲ್ಲಿ ಕ್ರಮಾಂಕವೂ ಇಲ್ಲ, ತೇಪೆಯ ಗುರುತೂ ಇಲ್ಲ. ಅಳಿದ ಅಕ್ಷರಗಳ ಸ್ಥಾನದಲ್ಲಿ ಶಾಸನ ಸಂಪಾದಕರು ಚುಕ್ಕಿಗಳನ್ನಿಡುತ್ತಾರೆ. ಚುಕ್ಕಿಯಿಡದೆ ತನ್ನ ಊಹೆಯನ್ನು ತುಂಬಿದ ಲಿಪಿಕಾರನನ್ನು ನಾವು ಕ್ಷಮಿಸುವುದಿಲ್ಲ.

ಉಳಿದ ದೋಷಗಳನ್ನು ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ಪ್ರಸಾರದಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳು ಬರುತ್ತವೆ. ಪರಿವರ್ತನೆಯಲ್ಲಿ ಇವನ್ನು ಸಾಮಾನ್ಯವಾಗಿ 25 ಪೂರ್ಣಚಿತ್ರಗಳಾಗಿ ಕೂಡಿಸುತ್ತಾರೆ. ಆನೆಯ ನಡಿಗೆಗೆ ಇದರಿಂದ ಬಾಧಕವಿಲ್ಲ, ಬನ್ನಿಮಂಟಪದ ಪಂಜಿನ ಕವಾಯತಿಗೆ ಉಂಟು. ಬಿಂದುಗಳ ಅಗಲ ಎತ್ತರಗಳ ಪ್ರಮಾಣವನ್ನು ಗಮನಿಸದೆ ಪರಿವರ್ತಿಸಿದರೆ ಅರ್ಜುನನಂಥ ಆನೆಯೂ ಕೃಶವಾಗಿ ಕಾಣುತ್ತದೆ! ಧ್ವನಿಗೆ ಆಗುವ ಹಾನಿ ಅಲ್ಪ.

ಸಂಕೋಚನದ ಪರವಾಗಿ ಹೇಳತಕ್ಕ ಮಾತು ಇಲ್ಲದಿಲ್ಲ. ನಾಲ್ಕು ಮೆಗಾಬಿಟ್ಟಿನ ಪ್ರಸಾರವು ಗಂಟೆಗೆ 1.8 ಗಿಗಾಬೈಟ್ ನುಂಗುತ್ತದೆ. ನಾಲ್ಕು ಗಂಟೆಯ ದಸರೆಗೆ 7.2 ಆಯಿತು. ಒಂದೇ ಪೆನ್‌ಡ್ರೈವ್ ಇರುವ ಮನೆಯಲ್ಲಿ ಮುಂದಿನ ವರ್ಷದ ಮೆರವಣಿಗೆಗೆ ಎಡೆ ಮಾಡಲೇಬೇಕು. ಕಡತವೆಂಬ ಹೆಸರೇ ಹಿಂದೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಪುಸ್ತಕದ್ದು. ಅದನ್ನೂ ಬಳಪದಿಂದ ಬರೆದು, ಬೇಡವಾದಾಗ ಒರಸಿ, ಮತ್ತೆ ಬರೆಯುತ್ತಿದ್ದರು. ಸಾಲದ ಲೆಕ್ಕ ತೀರಿದ ಮೇಲೆ ಒರಸಿದ ಶಾನುಭೋಗನನ್ನು ಯಾರೂ ದೂಷಿಸಲಾರರು. ಗೃಹಸ್ಥರ ಮೇಲೆ ನನ್ನ ಆಕ್ಷೇಪಣೆಯಿಲ್ಲ. ಆಕ್ಷೇಪಣೆ ಇರುವುದು ಇಂಥ ಮುದ್ರಿಕೆಗಳನ್ನು ಸಂಗ್ರಹಿಸ ಹೊರಟ ವಿದ್ವಾಂಸರ ಮೇಲೆ: ಅವರು ಮೊಬೈಲಿನಲ್ಲಿ ಕಳುಹಿಸಲು ಅನುಕೂಲವೆಂದು ಕಿರಿದಾದ ಪ್ರತಿಯನ್ನೇ ಕೇಳಿ ಪಡೆದು, ಅದು ಯಾವುದರಿಂದ, ಯಾರಿಂದ, ಯಾವ ಕ್ರಮದಿಂದ ಆದುದೆಂಬುದನ್ನು ಬರೆದಿಡದೆ, ಅದನ್ನೇ ಆಕರವೆಂದು ಉಲ್ಲೇಖಿಸುತ್ತಾರೆ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟ, ಹುಣಸೂರು ಹೆಗ್ಗಡದೇವನಕೋಟೆಗಳ ಶಾಸನಗಳನ್ನೊಳಗೊಂಡು, 1898ರಲ್ಲಿ ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಆ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರಲು ಶಕ್ತವಾದುದು ಕಲ್ಲುಗಳು ನಿಂತಿದ್ದುದರಿಂದ. ಓದಿಯಾಯಿತೆಂದು ಕಲ್ಲನ್ನು ಒಡೆದಿದ್ದರೆ ಮರುಪಾಠವೆಲ್ಲಿಯದು?

ಸಂಸ್ಥೆಗಳು ಹೇಗೂ ಕಾಯ್ದಿಡುತ್ತವೆ, ಮನೆಯ ಪ್ರತಿಗೆ ಏನು ಬೆಲೆ ಎಂಬ ಪ್ರಶ್ನೆ ಏಳಬಹುದು. 1960 ಮತ್ತು 1970ರ ದಶಕಗಳಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ತನ್ನ ಅನೇಕ ಟೇಪುಗಳನ್ನು ಅಳಿಸಿ ಮರುಬಳಸಿತು. ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ನಷ್ಟವಾದ ಕಂತುಗಳ ಧ್ವನಿ ಇಂದು ಕೇಳಸಿಗುತ್ತಿರುವುದು ನೋಡುಗರು ಮನೆಯಲ್ಲಿ ಹಿಡಿದಿಟ್ಟುಕೊಂಡ ಮುದ್ರಿಕೆಗಳಿಂದ.

ಮೂಲ ಕಡತಗಳಿಗೆ ಇನ್ನೊಂದು ಗುಣವೂ ಉಂಟು. ಒಂದೇ ಪ್ರಸಾರವನ್ನು ಕಂಪಲಾಪುರದಲ್ಲಿಯೂ ಕೃಷ್ಣರಾಜನಗರದಲ್ಲಿಯೂ ಮುದ್ರಿಸಿಕೊಂಡಿದ್ದರೆ ಎರಡೆಡೆಯೂ ಇಳಿದುದು ಅವೇ ಪೊಟ್ಟಣಗಳು. ಮಳೆ ಮಾತ್ರ ಎರಡು ಊರುಗಳಲ್ಲಿ ಒಂದೇ ಗಳಿಗೆಗೆ ಬೀಳುವುದಿಲ್ಲ. ಒಂದರಲ್ಲಿ ಲೋಪವಾದ ಪೊಟ್ಟಣವನ್ನು ಇನ್ನೊಂದರಿಂದ ಎತ್ತಿ ಅದೇ ಸ್ಥಾನದಲ್ಲಿ ಕೂಡಿಸಿ, ಪ್ರಸಾರವಾದ ಪಾಠವನ್ನು ಊಹೆಯ ಸೋಂಕಿಲ್ಲದೆ ಪುನಃ ಕಟ್ಟಬಹುದು. ಎರಡು ಮನೆಗಳವರೂ ಬೇರೆ ಬೇರೆ ರೀತಿಯಲ್ಲಿ ಪರಿವರ್ತಿಸಿ ಮೂಲವನ್ನು ಅಳಿಸಿದ್ದರೆ, ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದಷ್ಟೆ, ಕೂಡಿಸಲು ಬಾರದು.