ದರಿಯಾ ದೌಲತ್: ಕಟ್ಟಡ, ಭಿತ್ತಿಚಿತ್ರ ಮತ್ತು ಸಾಕ್ಷ್ಯ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ ತೋಟವೊಂದರ ನಡುವೆ ಇರುವ ದರಿಯಾ ದೌಲತ್, ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಬೇಸಗೆಯ ಅರಮನೆ. ಕೋಟೆಯೊಳಗಿದ್ದ ಅವನ ಲಾಲ್ ಮಹಲು ಉಳಿದಿಲ್ಲವಾದ ಕಾರಣ, ಆ ಕಾಲದ ಅರಮನೆಯ ವಾಸ್ತುವನ್ನು ಅಭ್ಯಾಸ ಮಾಡುವವರಿಗೆ ಇಲ್ಲಿ ಇದೇ ಮುಖ್ಯ ಆಧಾರ. 1959ರಲ್ಲಿ ಇದು ವಸ್ತುಸಂಗ್ರಹಾಲಯವಾಯಿತು. ಒಳಗಿರಿಸಿದ ನಾಣ್ಯ, ಆಯುಧ, ಚಿತ್ರಗಳಿಗಿಂತ ಕಟ್ಟಡವೇ ಇಲ್ಲಿಯ ಮೊದಲ ಪ್ರದರ್ಶನವಸ್ತುವೆಂಬುದು ನಮ್ಮ ಮತ.

ಎತ್ತರವಾದ ಜಗತಿ, ಸುತ್ತಲೂ ವಿಶಾಲವಾದ ಮೊಗಸಾಲೆ, ತೇಗದ ಕಂಬಗಳು, ದಳಗಳಂತೆ ಕೊರೆದ ಕಮಾನುಗಳು: ಇವು ಕಟ್ಟಡದ ಮುಖ್ಯ ಲಕ್ಷಣಗಳು. ಗೋಡೆ, ಕಂಬ, ಛಾವಣಿಗಳೆಲ್ಲ ಬಳ್ಳಿ ಹೂಗಳ ಬಣ್ಣದ ಕೆಲಸದಿಂದ ತುಂಬಿವೆ. ಪಶ್ಚಿಮದ ಗೋಡೆಯ ಮೇಲೆ ಹೈದರಾಲಿ ಮತ್ತು ಟಿಪ್ಪುವಿನ ಸವಾರಿಯೂ, 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವು ಸೋತ ಕದನವೂ ಚಿತ್ರಿತವಾಗಿವೆ.

ಈ ಕದನಚಿತ್ರವನ್ನು ಸಮಕಾಲೀನ ಸಾಕ್ಷ್ಯವೆಂದು ನೇರವಾಗಿ ಉದಾಹರಿಸುವ ವಾಡಿಕೆಯುಂಟು. ಇದು ವಿಚಾರಾರ್ಹ. 1799ರಲ್ಲಿ ಟಿಪ್ಪು ಮಡಿದ ಮೇಲೆ ಆರ್ಥರ್ ವೆಲ್ಲೆಸ್ಲಿ ಇಲ್ಲಿ ವಾಸಿಸಿದನು. ಮುಂದೆ ಮಸುಕಾಗಿದ್ದ ಚಿತ್ರಗಳಿಗೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ 1850ರ ದಶಕದಲ್ಲಿ ಹೊಸ ಬಣ್ಣ ಹಾಕಲಾಯಿತು. ಎಂದರೆ, ಮೈಸೂರಿನ ವಿಜಯವನ್ನು ಹಾಡುವ ಗೋಡೆಯನ್ನು ಸೋತ ಪಕ್ಷದ ಉತ್ತರಾಧಿಕಾರಿಯೇ ಉಳಿಸಿದನು. ನಮಗೆ ಕಾಣುವುದು ಮೂಲಚಿತ್ರವೂ ಅಹುದು, ಪುನರ್ಲೇಖನವೂ ಅಹುದು.

ಹಾಗೆಂದು ಚಿತ್ರವನ್ನೇ ತಳ್ಳಿಹಾಕುವುದು ಇನ್ನೊಂದು ಅತಿ. ಮದ್ದಿನ ಬಂಡಿಗಳು ಸಿಡಿದ ಸಂಗತಿಯನ್ನು ಆಂಗ್ಲರ ಬರವಣಿಗೆಗಳೂ ಹೇಳುತ್ತವೆ. ಇದೇ ಚಿತ್ರವನ್ನು ಕಾಗದದ ಮೇಲೆ ಇಳಿಸಿದ, 19ನೆಯ ಶತಮಾನದ ಆದಿಭಾಗದ್ದೆಂದು ಎಣಿಸಲಾದ ಪ್ರತಿಯೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಆ ಕಾಲನಿರ್ಣಯವು ಸರಿಯಾದಲ್ಲಿ, ಅದು ಡಾಲ್‌ಹೌಸಿಯ ಜೀರ್ಣೋದ್ಧಾರಕ್ಕಿಂತ ಹಿಂದಿನದು. ಗೋಡೆಯೊಡನೆ ಅದನ್ನು ಹೋಲಿಸಿದರೆ ವ್ಯೂಹ, ವ್ಯಕ್ತಿಗಳ ಸ್ಥಾನ ಮುಂತಾದವುಗಳಲ್ಲಿ ಮೂಲದ್ದು ಯಾವುದು, ಅನಂತರದ್ದು ಯಾವುದು ಎಂಬುದನ್ನು ಬಹುಮಟ್ಟಿಗೆ ವಿಂಗಡಿಸಬಹುದು. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ.

ಸೈನಿಕರ ಉಡುಪಿನ ಬಣ್ಣವನ್ನೋ ಧ್ವಜದ ವಿವರವನ್ನೋ ಈ ಗೋಡೆಯೊಂದರಿಂದಲೇ ನಿಶ್ಚಯಿಸುವ ಪ್ರಬಂಧವು ತನ್ನ ಆಧಾರವನ್ನು ಪರೀಕ್ಷಿಸಿಲ್ಲವೆಂದೇ ಹೇಳಬೇಕಾಗುತ್ತದೆ. 1784, 1799, 1850ರ ದಶಕ, 1959 ಎಂಬ ನಾಲ್ಕು ಘಟ್ಟಗಳನ್ನು ತಿಳಿಸುವ ಫಲಕವೊಂದು ಈ ಗೋಡೆಯ ಬಳಿ ಇರುವುದು ಯುಕ್ತ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು, ಯುದ್ಧದ ಕಥೆಯನ್ನು ಹೇಳುವ ಮೊದಲು, ಚಿತ್ರವು ನಮ್ಮವರೆಗೆ ಬಂದ ಬಗೆಯನ್ನು ವಿವರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.