ಪೀಪಾಯಿಯಲ್ಲಿ ಮಲಗಿ ಎದ್ದ ಬಿಯರು

ಐವತ್ತಾರು ವರ್ಷ ಒಂದು ತೊಟ್ಟು ಮದ್ಯ ಬಾಯಿಗೆ ಸೋಕಿಸದೆ ಬದುಕಿದ ಹೈಸ್ಕೂಲು ಮೇಡಂ ಬಿಯರಿನ ರುಚಿಯನ್ನು ವಿಮರ್ಶೆ ಮಾಡಹೊರಡುವುದು ಅಧಿಕಪ್ರಸಂಗವೇ ಸರಿ. ಆದರೆ ಓದದ ಪುಸ್ತಕದ ಮೇಲೆ ಅಭಿಪ್ರಾಯ ಬರೆದ ಮಕ್ಕಳಿಗೆ ಸೊನ್ನೆ ಹಾಕಿದವಳು ನಾನು. ರುಚಿಯೇ ನೋಡದ ವಸ್ತುವನ್ನು ಜೀವನವಿಡೀ ಬೈದೆನಲ್ಲ ಎಂಬ ಅಳುಕು ಒಳಗೆ ಇದ್ದೇ ಇತ್ತು.

ಬೈದದ್ದಕ್ಕೆ ಕಾರಣವಿತ್ತು. ನನ್ನ ಅಣ್ಣ ಹೋದದ್ದು ಸಾರಾಯಿಯಿಂದ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಕಣ್ಣು ಬಿಗಿಯಾಗಿ ಮುಚ್ಚಿ, ಒಂದೇ ಸಲಕ್ಕೆ ಗಂಟಲಿಗೆ ಹಿಂಡಿಕೊಳ್ಳುತ್ತಿದ್ದ. ಔಷಧಿ ಕುಡಿಯುವ ಮಗುವಿನ ಮುಖ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ಹೊತ್ತಿಗೆ ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ಮಗಳ ಬಾಣಂತನಕ್ಕೆ ಗಳಿಕೆ ರಜೆ ಹಾಕಿ ಶಿಕಾಗೋಗೆ ಹೋಗಿದ್ದೆ. ನವೆಂಬರ್ ತಿಂಗಳ ಕೊನೆ, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಅಳಿಯಂದಿರು ಬೆಳಗಿನ ಕೊರೆಯುವ ಚಳಿಯಲ್ಲಿ ಸರದಿ ನಿಂತು ಅರ್ಧ ಲೀಟರಿನ ಒಂದು ಶೀಸೆ ತಂದರು. ‘ಗೂಸ್ ಐಲೆಂಡ್’ ಎಂಬ ಅದೇ ಊರಿನ ಕಂಪನಿಯ ‘ಬೋರ್ಬನ್ ಕೌಂಟಿ ಸ್ಟೌಟ್’. ವರ್ಷಕ್ಕೊಮ್ಮೆ, ಆ ದಿನವೇ ಹೊಸದು ಹೊರಬರುವುದಂತೆ. “ಅತ್ತೆ, ಇದು ಕುಡಿಯೋದಲ್ಲ, ರುಚಿ ನೋಡೋದು” ಎಂದರು. ಕುಡಿಯುವವರೆಲ್ಲ ಮೊದಲು ಹೇಳುವುದು ಇದನ್ನೇ ಎಂದುಕೊಂಡೆ, ಅಳಿಯಂದಿರಿಗೆ ಹೇಳಲಾದೀತೆ?

ಅದರ ತಯಾರಿಕೆ ಕೇಳಿದಾಗ ಮಾತ್ರ ಕಿವಿ ನೆಟ್ಟಗಾಯಿತು. ನಾವು ರಾಗಿ ಮೊಳಕೆ ಕಟ್ಟಿ ಒಣಗಿಸುವಂತೆ ಅವರು ಬಾರ್ಲಿಯನ್ನು ಮೊಳೆಸಿ ಒಣಗಿಸುತ್ತಾರೆ. ಸ್ವಲ್ಪ ಭಾಗವನ್ನು ಕಾಫಿಬೀಜದಂತೆ ಕಪ್ಪಗಾಗುವವರೆಗೆ ಹುರಿಯುತ್ತಾರೆ. ಬಿಯರು ಹುದುಗಿದ ಮೇಲೆ ಅದನ್ನು ವಿಸ್ಕಿಯ ಹಳೆಯ ಪೀಪಾಯಿಗೆ ತುಂಬುತ್ತಾರೆ. ಬೋರ್ಬನ್ ಎಂಬ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕೆಂದು ಅಮೆರಿಕದ ಕಾನೂನು. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿ ಅವರಿಗೆ ಮತ್ತೆ ಬೋರ್ಬನ್ನಿಗೆ ಬಾರದು, ಬೇರೆಯವರಿಗೆ ಮಾರುತ್ತಾರೆ. ಬಿಯರು ಅದರಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ಸೆಕೆಗೆ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ನಮ್ಮ ಉಪ್ಪಿನಕಾಯಿ ಭರಣಿಯೂ ಕಾಲಕ್ಕೆ ಕಾದು ಕೂರುತ್ತದೆ, ಆದರೆ ಭರಣಿ ತನ್ನದೇನನ್ನೂ ಕೊಡುವುದಿಲ್ಲ. ಈ ಮರ ಕೊಡುತ್ತದೆ.

ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ಔಷಧಿ ಅಳತೆಯಷ್ಟು ಬಗ್ಗಿಸಿಕೊಟ್ಟರು. ದೀಪಕ್ಕೆ ಹಿಡಿದರೂ ಬೆಳಕು ದಾಟಲಿಲ್ಲ, ಅಷ್ಟು ಕಪ್ಪು. ನೊರೆ ಬಂದದ್ದೂ ಹೋದದ್ದೂ ಒಂದೇ. ಮೂಗಿನ ಹತ್ತಿರ ತಂದರೆ ಆಲೆಮನೆ! ಕೊಪ್ಪರಿಗೆಯ ಅಂಚಿನಲ್ಲಿ ಸೀದ ಬೆಲ್ಲ, ಒಣಕೊಬ್ಬರಿ, ವೆನಿಲಾ. ಸುಟ್ಟ ಓಕ್ ಮರದಿಂದ ವೆನಿಲಾದ ಪರಿಮಳ ಇಳಿಯುವುದಂತೆ. 2003ರ ಸುಮಾರಿಗೆ ಬೆಲೆ ಏರಿತೆಂದು ತೋಟಕ್ಕೆಲ್ಲ ವೆನಿಲಾ ಬಳ್ಳಿ ಹಬ್ಬಿಸಿ ಆಮೇಲೆ ಕೈ ಸುಟ್ಟುಕೊಂಡ ನಮ್ಮ ಸಾಗರದ ಕಡೆಯವರು ಕೇಳಿದರೆ ನಕ್ಕಾರು.

ನಾಲಿಗೆಯ ಮೇಲೆ ಮೊದಲು ಜೋನಿಬೆಲ್ಲದ ಮಂದ. ಆಮೇಲೆ ಹಾಲಿಲ್ಲದ ಡಿಕಾಕ್ಷನ್ನಿನ ಕಹಿ. ಇಲ್ಲಿಯವರೆಗೆ ನಿಜಕ್ಕೂ ಸೊಗಸು, ಮುಚ್ಚಿಡುವುದೇಕೆ. ಕೊನೆಯಲ್ಲಿ ಗಂಟಲಲ್ಲಿ ಬೆಂಕಿ. ಸಾಧಾರಣ ಬಿಯರಿನಲ್ಲಿ ಮದ್ಯಸಾರ ಶೇಕಡಾ 5ರಷ್ಟಿದ್ದರೆ ಇದರಲ್ಲಿ 14ರ ಆಚೆಗೆ. ಇಷ್ಟು ಬೆಲ್ಲ, ಇಷ್ಟು ಪರಿಮಳ ಹೊದಿಸಿದರೂ ಆ ಉರಿಯನ್ನು ಗುರುತಿಸಿದೆ. ಅಣ್ಣ ಜಗಲಿಯಲ್ಲಿ ಬಿದ್ದಿದ್ದಾಗ ಅವನ ಉಸಿರಿನಲ್ಲಿದ್ದದ್ದು ಅದೇ. ನುಂಗುವಾಗ ನನಗೆ ತಿಳಿಯದೆಯೇ ಕಣ್ಣು ಮುಚ್ಚಿಹೋಗಿತ್ತು.

ಮೂರನೆಯ ಗುಟುಕಿಗೆ ಸಿಹಿ ಅತಿಯಾಯಿತು. ಇದು ಇದರ ದೊಡ್ಡ ದೋಷ: ಮೊದಲ ಚಮಚೆಯಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ, ಆಮೇಲೆ ಹೇಳಿದ್ದನ್ನೇ ಹೇಳುತ್ತದೆ. ರಸಿಕರು ಇದರಲ್ಲಿ ಚರ್ಮ, ಹೊಗೆಸೊಪ್ಪು, ಅಂಜೂರ ಎಲ್ಲ ಕಾಣುತ್ತಾರಂತೆ. ನನಗೆ ಕಾಣಲಿಲ್ಲ. ಕಂಡಂತೆ ನಟಿಸುವ ವಯಸ್ಸು ದಾಟಿದೆ. 1988ರಲ್ಲಿ ಜಾನ್ ಹಾಲ್ ಎಂಬವರು ಕಟ್ಟಿದ ಈ ಸಣ್ಣ ಕಂಪನಿ 2011ರಲ್ಲಿ ಆನ್‌ಹೈಸರ್-ಬುಶ್ ಎಂಬ ದೈತ್ಯನ ಪಾಲಾದ ಮೇಲೆ ಮೊದಲಿನ ಸತ್ವವಿಲ್ಲ ಎನ್ನುವವರೂ ಇದ್ದಾರೆ. 2015ರ ಕೆಲವು ಶೀಸೆಗಳು ಬ್ಯಾಕ್ಟೀರಿಯಾ ಸೇರಿ ಹುಳಿಯಾಗಿ, ಕಂಪನಿಯೇ ಹಣ ಹಿಂತಿರುಗಿಸಿತ್ತಂತೆ. ಮೊದಲಿನದನ್ನು ಕಾಣದ ನಾನು ಅದಕ್ಕೆ ಏನೂ ಹೇಳಲಾರೆ.

ಅಳಿಯಂದಿರು ಅಷ್ಟನ್ನೇ ಒಂದು ಗಂಟೆ ಹಿಡಿದು ಕೂತರು. ಪ್ರತಿ ಗುಟುಕಿಗೂ ಕಣ್ಣು ತೆರೆದೇ ಇತ್ತು. ಉಳಿದದ್ದಕ್ಕೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರು. ಶೀಸೆಯಲ್ಲಿ ಉಳಿಸುವುದೂ ಉಂಟೆ ಎಂದು ನಾನು ಎರಡು ಸಲ ಫ್ರಿಜ್ಜು ತೆಗೆದು ನೋಡಿದೆ.

ರಾತ್ರಿ ಊರಿನಿಂದ ಅತ್ತಿಗೆ ಫೋನು ಮಾಡಿದರು. ಮಗುವಿನ ಎಣ್ಣೆನೀರು, ಚಳಿ, ಊಟ ಎಲ್ಲ ವಿಚಾರಿಸಿದರು. ಅನ್ನ, ಹುಳಿ ಮಾಡಿದ್ದೆ ಎಂದೆ. ಇನ್ನೊಂದು ವಿಷಯ ಬಾಯಿಗೆ ಬರಲಿಲ್ಲ. ಇದು ಅಚ್ಚಾದರೆ ಅವರೂ ಓದುತ್ತಾರೆ.