ಎಂಟಕ್ಕೆ ಎಂಟು ಸೇರಿದರೆ ನಾಲ್ಕು

ಗಿಟಾರ್ ಆಂಪ್‌ಗೆ ಇನ್ನೊಂದು ಸ್ಪೀಕರ್ ಬಾಕ್ಸ್ ಸೇರಿಸುವ ಆಸೆ ಹುಟ್ಟಿದವರು ಮೊದಲು ಕೇಳುವುದು ವಾಟ್ ಎಷ್ಟು ಎಂದು. ಆಮೇಲೆ ಸ್ಪೀಕರ್ ಯಾವ ಕಂಪನಿಯದು, ಅದಾದ ಮೇಲೆ ಬೆಲೆ. ಜ್ಯಾಕಿನ ಪಕ್ಕ ಸಣ್ಣಕ್ಷರದಲ್ಲಿ ಅಚ್ಚಾಗಿರುವ 4, 8, 16 ಎಂಬ ಓಮ್ ಅಂಕಿಯತ್ತ ಕಣ್ಣು ಹಾಯುವುದು ಎಲ್ಲ ಮುಗಿದ ಮೇಲೆ. ಈ ಕ್ರಮ ತಿರುವುಮುರುವಾಗಬೇಕು. ಓಮ್ ಮೊದಲು, ಡೆಸಿಬೆಲ್ ಎರಡನೆಯದು, ವಾಟ್ ಮೂರನೆಯದು. ದನಿಯ ರುಚಿಯ ಚರ್ಚೆ ಏನಿದ್ದರೂ ಆಮೇಲೆ.

ಆಂಪಿನ ಬೆನ್ನಿಗೆ ಎರಡು ಸ್ಪೀಕರ್ ಜ್ಯಾಕ್ ಇದ್ದರೆ ಅವು ಬಹುಮಟ್ಟಿಗೆ ಸಮಾಂತರ ಜೋಡಣೆಯಲ್ಲಿರುತ್ತವೆ. ಹೈಸ್ಕೂಲಿನ ವಿಜ್ಞಾನದ ಪಾಠ ನೆನಪಿಸಿಕೊಳ್ಳಿ: ಸರಣಿಯಲ್ಲಿ ರೋಧ ಕೂಡುತ್ತದೆ, ಸಮಾಂತರದಲ್ಲಿ ಇಳಿಯುತ್ತದೆ. 8 ಓಮಿನ ಎರಡು ಬಾಕ್ಸ್ ಸೇರಿದರೆ ಆಂಪ್‌ಗೆ ಕಾಣುವುದು 4 ಓಮ್. 16ರ ಎರಡು ಸೇರಿದರೆ 8. 8ರ ಜತೆ 16 ಹಾಕಿದರೆ 5.33 ಬರುತ್ತದೆ, ಸಾಲದ್ದಕ್ಕೆ ಹಂಚಿಕೆಯೂ ಏರುಪೇರು: 8 ಓಮಿನದು ಮೂರರಲ್ಲಿ ಎರಡು ಪಾಲು ಪವರ್ ಎಳೆದುಕೊಂಡು 16ರದ್ದಕ್ಕೆ ಒಂದೇ ಪಾಲು ಉಳಿಸುತ್ತದೆ. ಹಾಗಾಗಿ ಇರುವ ಬಾಕ್ಸಿಗೆ ಸಮ ಓಮಿನ ಜೋಡಿಯನ್ನೇ ಹುಡುಕುವುದು ಜಾಣತನ.

ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಆಂಪನ್ನೇ ತೆಗೆದುಕೊಳ್ಳಿ. 1960ರ ದಶಕದ ವಿನ್ಯಾಸ, 22 ವಾಟ್, ಎರಡು 6ವಿ6 ಪವರ್ ವಾಲ್ವ್, 12 ಇಂಚಿನ ಒಂದೇ ಸ್ಪೀಕರ್, ಅದೂ 8 ಓಮ್. ಆ ಎರಡು ವಾಲ್ವ್‌ಗಳಿಗೆ ಬೇಕಾದ ಲೋಡ್ ಸುಮಾರು 6,600 ಓಮ್. ಎಲ್ಲಿಯ 8, ಎಲ್ಲಿಯ 6,600! ನಡುವೆ ಕೂತು ಇದನ್ನು ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದರ ಪ್ರೈಮರಿಯಲ್ಲಿ ತಂತಿಯ ಸುತ್ತು ಸೆಕೆಂಡರಿಗಿಂತ ಹೆಚ್ಚುಕಡಿಮೆ 29 ಪಟ್ಟು. ಓಮಿನಲ್ಲಿ ಅಳೆಯುವ ಈ ರೋಧ, ಅಂದರೆ ಇಂಪೀಡೆನ್ಸ್, ಆ ಅನುಪಾತದ ವರ್ಗದಂತೆ ಏರುವುದರಿಂದ 8 ಓಮ್ ಎಂಟುನೂರು ಚಿಲ್ಲರೆ ಪಟ್ಟು ಹಿಗ್ಗಿ ವಾಲ್ವ್‌ಗಳ ಮುಂದೆ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ ಓಮ್ ಇಲ್ಲ, ಇರುವುದು ಅನುಪಾತ ಮಾತ್ರ. ನೀವು ಇನ್ನೊಂದು 8 ಓಮಿನ ಬಾಕ್ಸ್ ಸಿಕ್ಕಿಸಿದ ಕೂಡಲೇ ವಾಲ್ವ್‌ಗಳಿಗೆ ಕಾಣುವ 6,600 ಅರ್ಧಕ್ಕೆ ಇಳಿಯುತ್ತದೆ. ಫೆಂಡರಿನವರೇ ಎಕ್ಸ್‌ಟೆನ್ಶನ್ ಜ್ಯಾಕ್ ಕೊಟ್ಟಿದ್ದಾರೆ, ಇಷ್ಟನ್ನು ಆ ಆಂಪ್ ತಾಳಿಕೊಳ್ಳುತ್ತದೆ. ಅದೇ ಜ್ಯಾಕಿಗೆ 4 ಓಮಿನ ಬಾಕ್ಸ್ ಹಾಕಿದರೆ ಒಟ್ಟು 2.67ಕ್ಕೆ ಕುಸಿಯುತ್ತದೆ. ಅದು ಬೇಡ.

ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಹಾಕುವವರಿಗೆ ಇದೇನೂ ಹೊಸದಲ್ಲ. ಅವರ ಆಂಪ್ಲಿಫೈಯರಿನ ಹಿಂಬದಿ 4, 8, 16 ಓಮ್ ಎಂದೂ 100 ವೋಲ್ಟ್ ಎಂದೂ ಬೇರೆಬೇರೆ ಟರ್ಮಿನಲ್ ಇರುತ್ತವೆ. ಎಷ್ಟು ಹಾರ್ನ್ ಕಟ್ಟಬೇಕು ಎನ್ನುವುದರ ಮೇಲೆ ವೈರ್ ಎಲ್ಲಿಗೆ ಹೋಗಬೇಕೆಂದು ನಿರ್ಧಾರವಾಗುತ್ತದೆ. ಮಾರ್ಷಲ್ ಕಂಪನಿಯ ಹೆಡ್‌ಗಳ, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್‌ಗಳ, ಇಂಪೀಡೆನ್ಸ್ ಸ್ವಿಚ್ಚಿನ ಹಿಂದಿರುವುದೂ ಇದೇ ಉಪಾಯ. 1965ರ ಸುಮಾರಿಗೆ ದ ಹೂ ತಂಡದ ಪೀಟ್ ಟೌನ್‌ಶೆಂಡ್ ಲಂಡನ್ನಿನ ಜಿಮ್ ಮಾರ್ಷಲ್ ಅವರಿಂದ ಎಂಟು ಸ್ಪೀಕರಿನ ಒಂದೇ ದೈತ್ಯ ಬಾಕ್ಸ್ ಮಾಡಿಸಿಕೊಂಡರು. ಹೊರುವವರ ಸೊಂಟ ಮುರಿಯುವಂತಾದಾಗ ಅದನ್ನು ನಾಲ್ಕು ನಾಲ್ಕು ಸ್ಪೀಕರಿನ ಎರಡು ಬಾಕ್ಸಾಗಿ ಒಡೆದು ಒಂದರ ಮೇಲೊಂದು ಪೇರಿಸಿದರು. ಮಾರ್ಷಲ್ ಸ್ಟ್ಯಾಕ್ ಹುಟ್ಟಿದ್ದು ಹೀಗೆ. ಇಂದಿನ ‘1960’ ಎಂಬ ಹೆಸರಿನ ಮಾರ್ಷಲ್ ಬಾಕ್ಸಿನೊಳಗೆ 16 ಓಮಿನ ನಾಲ್ಕು ಸ್ಪೀಕರ್ ಇರುತ್ತವೆ. ಎರಡೆರಡು ಸರಣಿಯಲ್ಲಿ ಸೇರಿ 32, ಆ ಎರಡು ಜೋಡಿ ಸಮಾಂತರದಲ್ಲಿ ಸೇರಿ ಮತ್ತೆ 16. ಅಂಥ ಎರಡು ಬಾಕ್ಸ್ ಒಂದು ಹೆಡ್‌ಗೆ ಬಂದರೆ ಸ್ವಿಚ್ಚು 8ರಲ್ಲಿರಬೇಕು. ಬಾಕ್ಸಿನ ಮೇಲೆ 16 ಎಂದಿದೆಯಲ್ಲ ಎಂದು ಸ್ವಿಚ್ಚನ್ನೂ 16ಕ್ಕೇ ಬಿಡುವವರು ಬಹಳ. ಇನ್ನೊಂದು ಎಚ್ಚರಿಕೆ: ಈ ಬಾಕ್ಸಿನ ಎರಡು ಜ್ಯಾಕ್ ಇರುವುದು ಮೋನೊ, ಸ್ಟೀರಿಯೊ ಆಯ್ಕೆಗೆ. ಒಂದರಿಂದ ಇನ್ನೊಂದು ಬಾಕ್ಸಿಗೆ ಕೇಬಲ್ ಎಳೆಯಲಿಕ್ಕಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ? ವಾಲ್ವ್ ಆಂಪಿನದು ಒಂದು ಉತ್ತರ, ಟ್ರಾನ್ಸಿಸ್ಟರ್ ಆಂಪಿನದು ಇನ್ನೊಂದು. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಬಾರದು. ಶಕ್ತಿಗೆ ಹೋಗಲು ದಾರಿಯಿಲ್ಲದೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ, ವಾಲ್ವ್ ಸಾಕೆಟ್ಟಿನಲ್ಲಿ ಕಿಡಿ ಹಾರುತ್ತದೆ, ಇಲ್ಲವೇ ಸುರುಳಿಯ ಇನ್ಸುಲೇಶನ್ ಸುಟ್ಟುಹೋಗುತ್ತದೆ. ಹಳೆಯ ಫೆಂಡರ್‌ಗಳ ಮುಖ್ಯ ಸ್ಪೀಕರ್ ಜ್ಯಾಕಿನಿಂದ ಪಿನ್ ಕಿತ್ತರೆ ಔಟ್‌ಪುಟ್ ತಾನಾಗಿ ಶಾರ್ಟ್ ಆಗುವಂತೆ ಮಾಡಿರುವುದು ಇದಕ್ಕೇ: ಆ ಆಂಪ್‌ಗಳಿಗೆ ಸ್ವಲ್ಪ ಹೊತ್ತಿನ ಶಾರ್ಟಿಗಿಂತ ಖಾಲಿ ಜ್ಯಾಕೇ ಹೆಚ್ಚು ಅಪಾಯ. ಬೇಕಾದ್ದಕ್ಕಿಂತ ಹೆಚ್ಚು ಓಮ್ ಹಾಕಿದರೆ ವೋಲ್ಟೇಜಿನ ಒತ್ತಡ, ಕಡಿಮೆ ಹಾಕಿದರೆ ವಾಲ್ವ್‌ಗಳು ಬೇಗ ಸವೆಯುತ್ತವೆ. ರೋಲ್ಯಾಂಡಿನ ಜಾಜ್ ಕೋರಸ್‌ನಂಥ ಟ್ರಾನ್ಸಿಸ್ಟರ್ ಆಂಪ್‌ಗಳಿಗೆ ಕನಿಷ್ಠ ಓಮ್ ಮಾತ್ರ ಮುಖ್ಯ. ಅದಕ್ಕಿಂತ ಕೆಳಗಿಳಿದರೆ ಕರೆಂಟ್ ಏರಿ ಔಟ್‌ಪುಟ್ ಟ್ರಾನ್ಸಿಸ್ಟರ್ ಕಾದು ಸುಡುತ್ತದೆ. ಮೇಲೇರಿದರೆ ಪವರ್ ತಗ್ಗುತ್ತದೆ, ಅಷ್ಟೆ.

ಸೆಕೆಂಡ್ ಹ್ಯಾಂಡ್ ಬಾಕ್ಸಿನ ಚೀಟಿಯನ್ನು ನಂಬಬೇಡಿ. ಒಳಗಿನ ಸ್ಪೀಕರ್ ಯಾರು ಯಾವಾಗ ಬದಲಾಯಿಸಿದ್ದಾರೋ ಯಾರಿಗೆ ಗೊತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಕೇಬಲ್ಲಿನ ಒಂದು ತುದಿ ಬಾಕ್ಸಿಗೆ ಹಾಕಿ, ಆಂಪಿಗೆ ಸಿಕ್ಕಿಸದ ಇನ್ನೊಂದು ತುದಿಯ ಪಿನ್ನಿನ ಮೂತಿಗೆ ಒಂದು ಕಡ್ಡಿ, ಬುಡಕ್ಕೆ ಇನ್ನೊಂದು ಕಡ್ಡಿ ಮುಟ್ಟಿಸಿ. 6ರಿಂದ 7 ತೋರಿಸಿದರೆ ಅದು 8 ಓಮಿನದು, 12–13 ಇದ್ದರೆ 16ರದ್ದು, 3ರ ಆಸುಪಾಸಾದರೆ 4ರದ್ದು. ಮೀಟರ್ ಅಳೆಯುವುದು ಸುರುಳಿಯ ಡಿಸಿ ರೋಧವನ್ನು, ಹಾಗಾಗಿ ಅಂಕಿ ಸ್ವಲ್ಪ ಕೆಳಗೇ ಇರುತ್ತದೆ. ನಿಜವಾದ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಗಿಟಾರಿನ ದಪ್ಪ ತಂತಿಯನ್ನು ಬೆರಳಿಡದೆ ಮೀಟಿದರೆ 82 ಹರ್ಟ್ಸ್. 12 ಇಂಚಿನ ಅನೇಕ ಸ್ಪೀಕರ್‌ಗಳ ಅನುರಣನ ಇದರ ಅಕ್ಕಪಕ್ಕದಲ್ಲೇ ಇದ್ದು, ಅಲ್ಲಿ 8 ಓಮ್ ಹಲವು ಪಟ್ಟು ಜಿಗಿಯುತ್ತದೆ. ಆದ್ದರಿಂದ ದಶಮಾಂಶಕ್ಕೆ ಜಗಳವಾಡಬೇಕಿಲ್ಲ. ಅಚ್ಚಾದ ಅಂಕಿ ಹೊಂದಿದರೆ ಸಾಕು.

ಇನ್ನು ಡೆಸಿಬೆಲ್. ಆಂಪಿನ ವಾಟ್ ಇಮ್ಮಡಿಯಾದರೂ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಅನ್ನಿಸಲು ಹತ್ತಿರ ಹತ್ತಿರ 10 ಬೇಕು. ಅಷ್ಟೇ ವಾಟಿಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಎನ್ನುವುದು ಅದರ ಸೆನ್ಸಿಟಿವಿಟಿ; 97 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ತೆಗೆದು 100ರದ್ದು ಹಾಕಿದರೂ ಅದೇ 3 ಸಿಗುತ್ತದೆ. ಎರಡನೇ ಬಾಕ್ಸಿನಿಂದ ನನಗೆ ಸಿಗುವ ಸುಖ ಜೋರು ಸದ್ದಲ್ಲ, ಹರಹು: ಕೆಳಸ್ವರಕ್ಕೆ ಮೈ ಬರುತ್ತದೆ, ಕೋಣೆಯ ಮೂಲೆಯಲ್ಲಿ ನಿಂತವನಿಗೂ ದನಿ ಮುಟ್ಟುತ್ತದೆ.

ಎರಡೂ ಬಾಕ್ಸಿನ ಧ್ರುವ ಒಂದೇ ಇರಲಿ. ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದರ ಕೋನ್ ಗಾಳಿ ತಳ್ಳುವಾಗ ಇನ್ನೊಂದರದು ಎಳೆದು ಕೆಳಸ್ವರವೇ ಮಾಯ. 1.5 ವೋಲ್ಟಿನ ಸೆಲ್ಲನ್ನು ಕೇಬಲ್ ತುದಿಗೆ ಕ್ಷಣ ಮುಟ್ಟಿಸಿ ನೋಡಿ. ಎರಡು ಬಾಕ್ಸಿನ ಕೋನೂ ಒಂದೇ ಕಡೆಗೆ ಸರಿಯಬೇಕು. ಗಿಟಾರಿನಿಂದ ಆಂಪಿಗೆ ಬರುವ ಶೀಲ್ಡ್ ಕೇಬಲನ್ನು ಸ್ಪೀಕರಿಗೆ ಹಾಕಲೇಬೇಡಿ. ಪಿನ್ ಒಂದೇ ಥರ ಇದ್ದರೂ ಒಳಗಿನ ತಂತಿ ತೀರ ತೆಳು, ಆ ಕರೆಂಟ್ ಹೊರುವಂಥದ್ದಲ್ಲ.

ಬಾಕ್ಸ್ ನೋಡಲು ಹೊರಟಾಗ ನಿಮ್ಮ ಆಂಪಿನ ಬೆನ್ನಿನ ಫೋಟೊ ಫೋನಿನಲ್ಲಿರಲಿ, ಮೀಟರ್ ಚೀಲದಲ್ಲಿರಲಿ. ಮಾರುವವರು ಮೀಟರ್ ಹಿಡಿಯಲು ಬಿಡದಿದ್ದರೆ ಎಷ್ಟೇ ಅಗ್ಗವಾದರೂ ಆ ಬಾಕ್ಸ್ ಬಿಟ್ಟು ಬನ್ನಿ.